ಹಗೇವಿಗೆ ಇಳಿಬಿಟ್ಟ ಲಾಟೀನು

ನಿಮ್ಮ ತಾತನ ಮೀನಖಂಡದ ಮೇಲೆ ಬಿಳಿ ಗೆರೆಗಳಿದ್ದವು. ಬೆಕ್ಕು ಪರಚಿದ್ದು ಎಂದು ನಿಮಗೆ ಹೇಳುತ್ತಿದ್ದರು. ಅದು ಬೆಕ್ಕಲ್ಲ, ಅವರ ತಾಯಿಯ ಉಗುರು. ಅವರಿದ್ದಾಗ ಹೇಳಲು ನನಗೆ ಬಾಯಿ ಬರಲಿಲ್ಲ. ಈಗ ಬರೆದಿಡುತ್ತೇನೆ.

ಎಪ್ಪತ್ತರ ದಶಕದ ಕೊನೆ. ಮಿಡಿಗೇಶಿ ಹತ್ತಿರದ ಆ ಮನೆಗೆ ನಾನು ಸೊಸೆಯಾಗಿ ಬಂದ ಹೊಸತು. ಮಾವನವರ ಎದುರು ನಿಂತು ಮಾತಾಡಿದವಳೂ ಅಲ್ಲ. ಆಗ ರಾಗಿಯನ್ನು ಹಗೇವಿನಲ್ಲಿ ಇಡುತ್ತಿದ್ದೆವು. ಅಂಗಳದಲ್ಲಿ ಎರಡಾಳು ಆಳದ ಗುಂಡಿ. ಹೊಟ್ಟೆ ಅಗಲ, ಬಾಯಿ ಒಬ್ಬರು ಇಳಿಯುವಷ್ಟೇ. ಚಪ್ಪಡಿ ಮುಚ್ಚಿ ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಹುಳ ಬೀಳದು. ಆದರೆ ಒಳಗಿನ ಗಾಳಿ ಕೆಟ್ಟಿರುತ್ತದೆ. ಅದಕ್ಕೇ ಹಿಂದಿನ ದಿನವೇ ಬಾಯಿ ತೆಗೆದಿಟ್ಟು, ಮರುದಿನ ಹಚ್ಚಿದ ಲಾಟೀನನ್ನು ಹಗ್ಗದಲ್ಲಿ ಇಳಿಬಿಟ್ಟು ನೋಡುತ್ತಿದ್ದರು. ದೀಪ ಆರಿದರೆ ಯಾರೂ ಇಳಿಯುವಂತಿಲ್ಲ.

ಮೈದುನನಿಗೆ ಹೆಣ್ಣು ಕೊಡುವವರು ಆ ಸಂಜೆ ಬರುವವರಿದ್ದರು. ಮನೆಯಲ್ಲಿ ಹಿಟ್ಟು ಮುಗಿದಿತ್ತು. ಕರೆಂಟು ಹೋಗುವ ಮೊದಲೇ ಮಿಲ್ಲಿಗೆ ರಾಗಿ ಹಾಕಬೇಕೆಂದು ಮೈದುನ ಬೆಳಿಗ್ಗೆ ಚಪ್ಪಡಿ ಸರಿಸಿದ. ಅತ್ತೆ ಲಾಟೀನು ತಂದರು.

“ಹಗಲೊತ್ನಲ್ಲಿ ದೀಪ ಹಿಡ್ಕಂಡು ರಾಗಿ ಹುಡುಕ್ತಾರೇನಮ್ಮಾ?” ಎಂದು ನಗುತ್ತಾ ಇಳಿದೇಬಿಟ್ಟ.

ಒಳಗೆ ಧೊಪ್ಪೆಂದಿತು. “ಲೇ ಮಗಾ!” ಎಂದು ಕೂಗಿ ಮಾವನವರು ಹಿಂದೆಯೇ ಧುಮುಕಿದರು. ಅವರ ದನಿಯೂ ಅಲ್ಲಿಗೇ ನಿಂತಿತು.

ಕೊಟ್ಟಿಗೆಯಿಂದ ಓಡಿಬಂದ ನಿಮ್ಮ ತಾತ ಹಗೇವಿಗೆ ಒಂದು ಕಾಲು ಇಳಿಬಿಟ್ಟರು. ಅತ್ತೆ ನೆಲಕ್ಕೆ ಬಿದ್ದು ಇನ್ನೊಂದು ಕಾಲನ್ನು ಹಿಡಿದುಕೊಂಡರು.

“ಬುಡಮ್ಮಾ! ಅಪ್ಪ ಒಳಗವ್ನೆ!”

“ಗೊತ್ತು ಕಣ್ಲಾ. ನೀನೂ ಹೋದ್ರೆ ಮೂರು ಹೆಣ. ಸೊಂಟಕ್ಕೆ ಹಗ್ಗ ಕಟ್ಕಳೋಗಂಟ ಬುಡಾಕಿಲ್ಲ.”

ಅವರು ಒದ್ದರು. ತಾಯಿಯ ತುಟಿ ಒಡೆಯಿತು, ಕೈ ಸಡಿಲಲಿಲ್ಲ. ಗಲಾಟೆ ಕೇಳಿ ಬಂದ ಪಕ್ಕದ ಮನೆಯಾಕೆ, “ಎಂಥಾ ಹೆಂಗ್ಸಮ್ಮ ನೀನು, ಗಂಡ ಸಾಯ್ತಾವ್ನೆ!” ಎಂದಳು. ಅತ್ತೆ ನನ್ನತ್ತ ತಿರುಗಿದರು. “ನಿಂತ್ಕಂಡು ಏನ್ ನೋಡ್ತೀಯೇ? ಕಂಬಳಿ ತಾ. ಬಾವಿ ಹಗ್ಗ ತಾ.”

ಕಂಬಳಿಗೆ ಹಗ್ಗ ಕಟ್ಟಿ ಹಗೇವಿನೊಳಗೆ ಇಳಿಸಿ ಎತ್ತಿ, ಇಳಿಸಿ ಎತ್ತಿ ಗಾಳಿ ಆಡಿಸಿದೆವು. ಅಷ್ಟರಲ್ಲಿ ಬೀದಿಯ ಗಂಡಸರು ನಿಮ್ಮ ತಾತನ ಸೊಂಟಕ್ಕೆ ಹಗ್ಗ ಬಿಗಿದು ತುದಿ ಹಿಡಿದು ನಿಂತರು.

“ಮೊದ್ಲು ಯಾರ್ನಮ್ಮಾ?” ಎಂದು ನಿಮ್ಮ ತಾತ ಕೇಳಿದರು.

ಅತ್ತೆ ಹಗೇವಿನೊಳಕ್ಕೆ ಬಗ್ಗಿ ನೋಡಿದರು. “ಹುಡುಗನ್ನ.”

ನಿಮ್ಮ ತಾತ ಉಸಿರು ಬಿಗಿಹಿಡಿದು ಇಳಿದು, ತಮ್ಮನ ಕಂಕುಳಿಗೆ ಇನ್ನೊಂದು ಹಗ್ಗ ಹಾಕಿ ಮೇಲೆ ಬಂದರು. ಎಳೆದು ಮಲಗಿಸಿದ ಮೇಲೆ ಮೈದುನ ವಾಂತಿ ಮಾಡಿ ಉಸಿರಾಡಿದ. ಮತ್ತೆ ಇಳಿದು ಮಾವನವರನ್ನು ತಂದಾಗ ಅವರ ಬಾಯಿ ತುಂಬ ರಾಗಿಯಿತ್ತು. ಅವರು ಕಣ್ಣು ಬಿಡಲಿಲ್ಲ.

ಧೈರ್ಯವಿದ್ದವರು ಬದುಕುತ್ತಾರೆ ಎಂದು ನೀವು ಓದಿರಬಹುದು. ಮಾವನವರಿಗೆ ಧೈರ್ಯವಿತ್ತು.

ಅಮ್ಮ ಕಾಲು ಬಿಟ್ಟಿದ್ದರೆ ಅಪ್ಪನನ್ನೂ ಉಳಿಸುತ್ತಿದ್ದೆ ಎಂಬುದು ನಿಮ್ಮ ತಾತನ ಮನಸ್ಸಿನಲ್ಲಿ ಕೂತುಬಿಟ್ಟಿತು. ತಾಯಿಯೊಡನೆ ಮಾತು ಬಿಟ್ಟರು. ಅತ್ತೆ ಮುದ್ದೆ ಇಟ್ಟರೆ ತಲೆ ಬಗ್ಗಿಸಿ ಉಂಡು ಏಳುವರು. ಬಾವಿಕಟ್ಟೆಯಲ್ಲಿ ಹೆಂಗಸರು, “ಮಗನ್ನ ಉಳಿಸ್ಕಂಡು ಗಂಡನ್ನ ತಿಂದ್ಲು” ಎಂದಿದ್ದು ನನ್ನ ಕಿವಿಗೂ ಬಿತ್ತು. ಅತ್ತೆ ಕೊಡ ಹೊತ್ತು ಬರುತ್ತಿದ್ದರು, ಅಷ್ಟೇ.

ಮುಂದಿನ ವರ್ಷ ಒಂದು ಬೆಳಿಗ್ಗೆ ಅದೇ ಪಕ್ಕದ ಮನೆಯಾಕೆ ಬಾಗಿಲಿಗೆ ಬಂದಳು. “ಅಕ್ಕಾ, ನಿನ್ನೆ ನಮ್ಮ ಹಗೇವು ತೆಗೆದವ್ರೆ. ನಮ್ಮ ಹೈಕ್ಳು ನನ್ನ ಮಾತು ಕೇಳಾಕಿಲ್ಲ. ನೀನೊಸಿ ಬಂದು ನಿಂತ್ಕಳ್ಳಕ್ಕ.”

ಅತ್ತೆ ಲಾಟೀನು ಹಚ್ಚಿಕೊಂಡು ಹೋದರು. ವಾಪಸು ಬಂದಾಗ ನಿಮ್ಮ ತಾತ ಜಗಲಿಯ ಮೇಲೆ ಕೂತಿದ್ದರು.

“ದೀಪ ಆರ್ತಾ?” ಎಂದರು.

“ಆರ್ತು ಕಣಪ್ಪಾ. ಇವತ್ತು ಬ್ಯಾಡ ಅಂದ್ಬಂದೆ.”

ಮಾವನವರು ಹೋದ ದಿನದ ನಂತರ ಅವರು ತಾಯಿಯೊಡನೆ ಆಡಿದ ಮೊದಲ ಮಾತು ಅದು. ಅತ್ತೆ ಲಾಟೀನಿನ ಗಾಜನ್ನು ಸೆರಗಿನಿಂದ ಒರೆಸುತ್ತಾ ಅಲ್ಲೇ ಬಹಳ ಹೊತ್ತು ನಿಂತಿದ್ದರು.