ಅಟಾರ್ನಿ ಜನರಲ್‌ಗೆ ಸವಿತಾ ಕಳಿಸಿದ ಅರ್ಜಿ

ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ಲಂಡನ್ನಿನ ಅಟಾರ್ನಿ ಜನರಲ್ ಕಚೇರಿಯಲ್ಲಿ ನಾನು ವಕೀಲೆ. ಅಟಾರ್ನಿ ಜನರಲ್ ಎಂದರೆ ಸರ್ಕಾರದ ಮುಖ್ಯ ಕಾನೂನು ಸಲಹೆಗಾರರು. ಅವರ ಕೆಲಸಗಳಲ್ಲಿ ಒಂದು ನಮ್ಮ ವಿಭಾಗಕ್ಕೆ ಬರುತ್ತಿತ್ತು. ಗಂಭೀರ ಅಪರಾಧಕ್ಕೆ ಕ್ರೌನ್ ಕೋರ್ಟ್ ಕೊಟ್ಟ ಶಿಕ್ಷೆ ತೀರ ಕಡಿಮೆಯಾಯಿತು ಅನ್ನಿಸಿದರೆ, ಯಾರು ಬೇಕಾದರೂ ಶಿಕ್ಷೆಯಾದ ಇಪ್ಪತ್ತೆಂಟು ದಿನಗಳೊಳಗೆ ಮರುಪರಿಶೀಲನೆ ಕೇಳಬಹುದು. ಅಟಾರ್ನಿ ಜನರಲ್ ಒಪ್ಪಿದರೆ ಪ್ರಕರಣ ಮೇಲ್ಮನವಿ ನ್ಯಾಯಾಲಯಕ್ಕೆ ಹೋಗುತ್ತದೆ. ಗಡುವು ದಾಟಿ ಬಂದ ಅರ್ಜಿಗೆ ನಾವು ವಿಷಾದದ ಎರಡು ಸಾಲು ಬರೆಯುತ್ತಿದ್ದೆವು, ಅಷ್ಟೆ.

ಸವಿತಾ ಧಾರವಾಡದವಳು, ನಾನಿದ್ದ ಕ್ರೋಯ್ಡನ್ ಬಡಾವಣೆಯಲ್ಲೇ ಮನೆ, ಆಸ್ಪತ್ರೆಯಲ್ಲಿ ಡಾಕ್ಟರ್. ಅವಳ ತಮ್ಮ ಹೀಥ್ರೋ ವಿಮಾನ ನಿಲ್ದಾಣದಲ್ಲಿ ಕೆಲಸಕ್ಕಿದ್ದ. ಅದರ ಹತ್ತಿರದ ಫೆಲ್ಥಮ್‌ನಲ್ಲಿ ಸೈಕಲ್ ಮೇಲೆ ಹೋಗುವಾಗ ವ್ಯಾನ್ ಹೊಡೆದು ಸತ್ತ. ವರ್ಷ ದಾಟಿದ ಮೇಲೆ ಕ್ರೌನ್ ಕೋರ್ಟಿನಲ್ಲಿ ಚಾಲಕನಿಗೆ ಮೂರು ವರ್ಷ ಶಿಕ್ಷೆಯಾಯಿತು.

ಶಿಕ್ಷೆಯಾಗಿ ಹತ್ತೊಂಬತ್ತನೆಯ ದಿನ, ಒಂದು ಶುಕ್ರವಾರ, ಸವಿತಾ ಅರಿಶಿನ-ಕುಂಕುಮಕ್ಕೆ ಕರೆದಳು. ನಾನು ಒಂಟಿ. ಕ್ರೋಯ್ಡನ್‌ನಲ್ಲಿ ನನ್ನನ್ನು ಹಬ್ಬ-ಹುಣ್ಣಿಮೆಗೆ ನೆನೆಯುತ್ತಿದ್ದ ಮನೆ ಅದೊಂದೇ. ಹೊರಡುವಾಗ ತೆಂಗಿನಕಾಯಿ, ಕುಪ್ಪಸದ ಕಣದ ಜೊತೆ ಒಂದು ಲಕೋಟೆಯನ್ನೂ ಇಟ್ಟಳು.

"ಅರ್ಜಿ ಅದರಾಗ ಐತ್ರಿ ಅಕ್ಕಾ. ನೀವ ಒಳಗಿನವ್ರು. ನಿಮ್ಮ ಕೈಯಾಗ ಕೊಟ್ರ ಮುಗೀತು."

ತಾಂಬೂಲದ ಜೊತೆ ಕೊಟ್ಟದ್ದನ್ನು ಎತ್ತಿ ವಾಪಸ್ ಕೊಡುವುದು ನಮ್ಮಲ್ಲಿಲ್ಲ. ಹಿಂದೆ ನಾಲ್ಕು ಜನ ಹೆಂಗಸರು ಚಪ್ಪಲಿ ಹುಡುಕುತ್ತಿದ್ದರು. ನಾನು ನಕ್ಕೆ ಅಂತ ಕಾಣುತ್ತದೆ.

ಆ ಮಾತು ನನಗೆ ಸರಿಯಾಗಿ ಕೇಳಿಸಲಿಲ್ಲ, ಲಕೋಟೆಯಲ್ಲಿ ಆಮಂತ್ರಣವಿರಬೇಕು ಅಂದುಕೊಂಡೆ ಎಂದು ಇದೆಲ್ಲ ಮುಗಿದ ಮೇಲೆ ಬಹಳ ಕಾಲ ನಂಬಿದ್ದೆ. ಆದರೆ ಅಂದಿನ ದಿನಚರಿಯಲ್ಲಿ ನನ್ನದೇ ಅಕ್ಷರ ಹೀಗಿದೆ: "ಸವಿತಾ ಅರ್ಜಿ ಕೊಟ್ಟಳು. ಆಗುವುದಿಲ್ಲವೆಂದು ನಾಳೆ ಹೇಳಬೇಕು." ಆ ನಾಳೆ ಬಂದದ್ದು ಆರು ದಿನದ ಮೇಲೆ.

ಗುರುವಾರ ಬೆಳಿಗ್ಗೆ ಟ್ರೇನಿನಲ್ಲಿ ದಿನ ಎಣಿಸಿದೆ. ಇಪ್ಪತ್ತೈದು. ವಿಕ್ಟೋರಿಯಾ ನಿಲ್ದಾಣದಲ್ಲಿ ಇಳಿದವಳೇ ಫೋನ್ ಮಾಡಿದೆ.

"ಸವಿತಾ, ಗೊತ್ತಿರೋರ ಅರ್ಜಿ ನಾನು ಮುಟ್ಟೋ ಹಾಗಿಲ್ಲಮ್ಮ. ಇವತ್ತೇ ನೀನೇ ಈಮೇಲ್ ಮಾಡು."

"ಅಂದ್ರ ಇನ್ನೂ ಕೊಟ್ಟೇ ಇಲ್ಲೇನ್ರಿ?"

"ಇಲ್ಲ."

"ಈಮೇಲ್ ಕಂಡಕಂಡವ್ರೆಲ್ಲಾ ಮಾಡ್ತಾರ. ಮತ್ತ ನೀವ ಯಾಕ ಅದೀರಿ ಅಲ್ಲಿ?"

ವಾರ್ಡಿನ ಕೆಲಸದ ನಡುವೆ, ಊಟದ ಬಿಡುವಿನಲ್ಲಿ ಅವಳು ಅರ್ಜಿ ಕಳಿಸಿದಳು. ಅರ್ಜಿದಾರಳು ನನಗೆ ಪರಿಚಯ ಎಂದು ನಾನು ಮೇಲಧಿಕಾರಿಗೆ ಬರೆದುಕೊಟ್ಟೆ. ಫೈಲು ಬೇರೆಯವರಿಗೆ ಹೋಯಿತು. ಮುಂದೆ ಅದು ಯಾವ ಮೇಜಿನ ಮೇಲಿತ್ತೋ ನಾನು ಕೇಳಲಿಲ್ಲ, ಕೇಳುವಂತೆಯೂ ಇರಲಿಲ್ಲ.

ಮೇಲ್ಮನವಿ ನ್ಯಾಯಾಲಯಕ್ಕೆ ಕಳಿಸುವುದಿಲ್ಲ ಎಂದು ಅವಳಿಗೆ ಉತ್ತರ ಬಂತು. ಶಿಕ್ಷೆ ಕಡಿಮೆ ಅನ್ನಿಸಿದರೆ ಸಾಲದು. ಯಾವ ನ್ಯಾಯಾಧೀಶರೂ ವಿವೇಚನೆಯಿಂದ ಕೊಡಲಾರದಷ್ಟು ಕಡಿಮೆಯಿರಬೇಕು. ಇದನ್ನು ವಿವರಿಸಲು ಅವಳ ಮನೆಗೇ ಹೋದೆ. ಅವಳು ಬಾಗಿಲಲ್ಲೇ ನಿಂತಳು.

"ಒಂದ ಮಾತ ಹೇಳಿದ್ರ ಆಗ್ತಿತ್ರಿ."

"ನಾನು ಬಾಯಿ ಹಾಕೋ ಹಾಗೇ ಇರಲಿಲ್ಲ."

"ಮಂದಿ ಮುಂದ ಹೀಂಗ ಅನ್ರಿ, ನಂಬತಾರ. ನನ್ನ ಮುಂದ ಬ್ಯಾಡ. ಆಗೂದಿಲ್ಲ ಅಂತ ಅವತ್ತ ಅಂದಿದ್ರ, ಕುಂತು ನೆಟ್ಟಗ ಬರೀತಿದ್ದೆ. ನನ್ನ ತಮ್ಮ ಎಂಥಾವ ಅನ್ನೂದನ್ನಾದ್ರೂ ಬರೀತಿದ್ದೆ."

ಆ ಆರು ದಿನ ಸಿಕ್ಕಿದ್ದರೂ ತೀರ್ಮಾನ ಬದಲಾಗುತ್ತಿರಲಿಲ್ಲ. ಪರಿಶೀಲಿಸುವುದು ಶಿಕ್ಷೆಯನ್ನು, ಅರ್ಜಿಯ ಭಾಷೆಯನ್ನಲ್ಲ. ಕಾನೂನು ಬಲ್ಲವಳಾಗಿ ಇದನ್ನು ಖಚಿತವಾಗಿ ಹೇಳಬಲ್ಲೆ. ಅವಳಿಗೆ ಹೇಳಲಿಲ್ಲ. ಮತ್ತೆ ಆ ಮನೆಯಿಂದ ಕರೆ ಬರಲಿಲ್ಲ.

ಅರ್ಜಿ ಹಾಕಲು ಯಾರ ಪರಿಚಯವೂ ಬೇಡ, ತಡ ಮಾಡಬೇಡಿ ಎಂದು ಎಷ್ಟೋ ಅಪರಿಚಿತರಿಗೆ ಬರೆದಿದ್ದೇನೆ, ಬಹುಪಾಲು ಪತ್ರ ಬಂದ ದಿನವೇ. ಪರಿಚಯದವಳಿಗೆ ಅದನ್ನೇ ಹೇಳಲು ಆರು ದಿನ ಹಿಡಿಯಿತು. ಕೆಲಸ ನನಗೆ ಕಲಿಸಿದ್ದು ಇದು: ಆಗುವುದಿಲ್ಲ ಎಂಬ ಮಾತನ್ನು ಬೇಕಾದವರಿಗೇ ಮೊದಲು ಹೇಳಬೇಕು. ಅವಳನ್ನು ಕಳೆದುಕೊಳ್ಳುತ್ತೇನೆಂದು ಹೆದರಿ ಸುಮ್ಮನಿದ್ದೆ. ಅವಳ ತಮ್ಮ ಎಂಥವನು ಎಂಬುದು ನನಗೆ ಇವತ್ತಿಗೂ ಗೊತ್ತಿಲ್ಲ.