ತಟ್ಟಬಾರದ ಗಡಿಗೆ

ಹೊಸ ಗಡಿಗೆಗೆ ಮೊದಲ ಸಲ ನೀರು ಸುರಿದಾಗ ಏಳುವ ವಾಸನೆ ಮೂಗಿಗೆ ಬಿದ್ದರೆ ಸಾಕು, ನಾನು ಅಜ್ಜಿಯ ಸೆರಗು ಹಿಡಿದು ಹಿರೋಡೆಯ ಕುಂಬಾರಬೀದಿಯಲ್ಲಿ ನಡೆಯುತ್ತಿರುತ್ತೇನೆ. ಪಾಂಡವಪುರವನ್ನು ನಾವು ಆಗ ಹಿರೋಡೆ ಎಂದೇ ಕರೆಯುತ್ತಿದ್ದೆವು. ಕ್ಯಾತನಹಳ್ಳಿಯಿಂದ ಗಾಡಿಯಲ್ಲಿ ಹೋಗಿ ಬೀದಿಯ ತುದಿಯಲ್ಲೇ ಇಳಿಯಬೇಕು. ಒಳಗೆಲ್ಲ ಹಸಿ ಮಡಕೆಗಳನ್ನು ಒಣಗಲು ಇಟ್ಟಿರುತ್ತಿದ್ದರು. ಹಲಗೆಯಿಂದ ಮಡಕೆಯ ಹೊಟ್ಟೆ ತಟ್ಟುವ ಸದ್ದು ಒಂದು ಮನೆಯಲ್ಲಿ ನಿಂತರೆ ಮುಂದಿನ ಮನೆಯಲ್ಲಿ ಶುರುವಾಗುತ್ತಿತ್ತು. ತಿಗರಿ ಅಷ್ಟು ಜೋರಾಗಿ ತಿರುಗಿದರೂ ಮಣ್ಣು ಯಾಕೆ ಹಾರಿಹೋಗುವುದಿಲ್ಲ, ಕರಿ ಮಣ್ಣು ಸುಟ್ಟ ಮೇಲೆ ಕೆಂಪಗಾಗುವುದು ಹೇಗೆ ಎಂದು ಪ್ರಾಣ ತಿನ್ನುತ್ತಿದ್ದೆ. ಅಜ್ಜಿಗೆ ಸಾಕಾಗಿ, "ಓಗಿ ಚಿಕ್ಕಣ್ಣನ್ನೇ ಕೇಳೋಗು" ಎನ್ನುತ್ತಿದ್ದಳು. ಚಿಕ್ಕಣ್ಣ ನಮ್ಮ ಮನೆಗೆ ವಾಡಿಕೆಯಾಗಿ ಮಡಕೆ ಕೊಡುತ್ತಿದ್ದ ಕುಂಬಾರ.

ಆ ವರ್ಷ ಸಣ್ಣತ್ತೆಯ ಮದುವೆಗೆ ಅರಿವೇಣಿ ತರಲು ಹೋಗಿದ್ದೆವು. ಅರಿವೇಣಿ ಎಂದರೆ ಚಪ್ಪರದಲ್ಲಿ ಪೂಜೆಗೆ ಇಡುವ, ಸುಣ್ಣ ಕೆಮ್ಮಣ್ಣಿನ ಚಿತ್ತಾರದ ಗಡಿಗೆ. ಅಡುಗೆ ಮಡಕೆಯನ್ನು ತಟ್ಟಿ, ದನಿ ಕೇಳಿ ಕೊಳ್ಳಬೇಕು. ಅರಿವೇಣಿಯನ್ನು ಮಾತ್ರ ತಟ್ಟುವಂತಿಲ್ಲ, ಕೈಮುಗಿದು ಎತ್ತಿಕೊಳ್ಳಬೇಕು. ನನಗೇನು ಗೊತ್ತು? ಅಜ್ಜಿ ವೀಳ್ಯದೆಲೆ ಜೋಡಿಸುತ್ತಿದ್ದಾಗ ಅವಳಂತೆಯೇ ಬೆರಳು ಮಡಿಸಿ ತಟ್ಟಿದೆ. ಠಣ್ ಎನ್ನಬೇಕಾದದ್ದು ದಬ್ ಎಂದಿತು.

ಬಣ್ಣದ ಕೆಳಗೆ ಬಿರುಕು. ಚಪ್ಪರದಲ್ಲಿ ಅದು ಸೋರಿದ್ದರೆ ಬಂದವರೆಲ್ಲ ಸಣ್ಣತ್ತೆಯ ಕಾಲ್ಗುಣ ಆಡಿಕೊಳ್ಳುತ್ತಿದ್ದರು. ಮದುವೆಗೆ ಎರಡೇ ದಿನ. ಹೊಸದು ಮಾಡಿದರೆ ಒಣಗುವುದೂ ಇಲ್ಲ. ಅರಿವೇಣಿಯನ್ನು ಹೇಳಿ ಮಾಡಿಸಬೇಕು, ಸಿದ್ಧವಾಗಿ ಯಾರ ಮನೆಯಲ್ಲೂ ಇರುವುದಿಲ್ಲ.

"ತಟ್ಬಾರ್ದಾಗಿತ್ತು ಕಣವ್ವ" ಎಂದ ಚಿಕ್ಕಣ್ಣ ತಲೆಯ ಮೇಲೆ ಕೈಹೊತ್ತು ಕೂತ. ಅವನ ಮಗಳು ಗೌರಿ ಒಳಗೆ ಹೋಗಿ, ತನ್ನ ಮದುವೆಗೆಂದು ಅಪ್ಪ ಗಿಳಿ ಬರೆದು ಮಾಡಿಟ್ಟಿದ್ದ ಅರಿವೇಣಿಯನ್ನೇ ತಂದು ಅಜ್ಜಿಯ ಮುಂದಿಟ್ಟಳು.

"ನಿನ್ ಮದ್ವೆಗೇನ್ ಮಾಡೀಯೇ ಮಗಾ?" ಎಂದು ಅಜ್ಜಿ ಕೇಳಿದಳು.

"ನಂದಿನ್ನೂ ಒಂದ್ ತಿಂಗ್ಳದೆ ಕಣಮ್ಮ. ನಮ್ಮಪ್ಪ ಇನ್ನೊಂದ್ ಮಾಡ್ಕೊಡ್ತಾನೆ ಬುಡಿ."

ಸಣ್ಣತ್ತೆಯ ಮದುವೆ ಚೆನ್ನಾಗಿ ನಡೆಯಿತು, ಗಿಳಿಗಳನ್ನು ಹೊಗಳದವರಿಲ್ಲ. ಮಾರನೆಯ ದಿನದಿಂದ ಮಳೆ ಹಿಡಿದದ್ದು ತಿಂಗಳಾದರೂ ಬಿಡಲಿಲ್ಲ. ಮಣ್ಣು ಒಣಗಲಿಲ್ಲ, ಬೀದಿಯಲ್ಲಿ ಮಡಕೆ ಸುಡುವ ಆವಿಗೆ ಯಾರದೂ ಹತ್ತಲಿಲ್ಲ. ಮುಂದಿನ ಸಲ ಹೋದಾಗ ಗೌರಿ ಗಂಡನ ಮನೆ ಸೇರಿಯಾಗಿತ್ತು. ಚಿಕ್ಕಣ್ಣನ ಮನೆಯ ದೇವರ ಗೂಡಿನ ಪಕ್ಕದಲ್ಲಿ ನಾನು ತಟ್ಟಿದ ಗಡಿಗೆಯೇ ಕೂತಿತ್ತು. ಒಳಗೆ ಅರಗು ಮೆತ್ತಿದ್ದರು, ಕೊರಳಲ್ಲಿ ಗೌರಿಯ ಮದುವೆಯ ಒಣಗಿದ ಅರಿಶಿನದ ದಾರ.

ನಾನು ನೋಡುವುದನ್ನು ಚಿಕ್ಕಣ್ಣ ನೋಡಿದ. "ಅರಿವೇಣೀನ ಯಾರೂ ತಟ್ಟಾಕಿಲ್ವಲ್ಲ, ಬುಡವ್ವ" ಎಂದ.

ವರ್ಷಗಳು ಉರುಳಿದವು. ಚಿಕ್ಕಣ್ಣ ತೀರಿಕೊಂಡ, ಅವನ ಹಿಂದೆಯೇ ಒಂದೊಂದಾಗಿ ಆ ಬೀದಿಯ ತಿಗರಿಗಳೂ ನಿಂತವು. ಗೌರಿ ಹೇಗೆ ಬಾಳಿದಳೋ, ಕೇಳೋಣವೆಂದರೆ ಅಲ್ಲಿ ಅವಳ ಹೆಸರು ಬಲ್ಲವರು ಒಬ್ಬರೂ ಇಲ್ಲ.