ಹೆಣವಾಗಿ ಕೂರುತ್ತಿದ್ದ ಪೀರಪ್ಪ

ಕೆಲವು ವರ್ಷಗಳ ಹಿಂದೆ ಇಬ್ಬರು ಹುಡುಗರು ನನ್ನನ್ನು ಹುಡುಕಿಕೊಂಡು ಅಫಜಲಪುರಕ್ಕೆ ಬಂದರು. ಯಾವ ನಿರ್ಮಾಪಕನ ಹಂಗೂ ಇಲ್ಲದೆ ಸ್ವಂತ ಖರ್ಚಿನಲ್ಲಿ ಸಿನಿಮಾ ತೆಗೆಯುವವರಂತೆ. ಸಣ್ಣ ಊರುಗಳ ಪುಡಿ ರೌಡಿಗಳ ಕತೆ ಬೇಕಿತ್ತು ಅವರಿಗೆ. ನಿಜಾಮನ ಕೊನೆಗಾಲದಲ್ಲಿ ನಾನು ಅಣ್ಣಾರಾಯನ ಟೋಳಿಯಲ್ಲಿದ್ದೆ ಎಂದು ಯಾರೋ ಹೇಳಿ ಕಳಿಸಿದ್ದರು. ನಾನು ಪೀರಪ್ಪನ ಕತೆ ಶುರು ಮಾಡಿದೆ. ‘ಅವನ ಹತ್ತಿರ ಏನಿತ್ತು? ಪಿಸ್ತೂಲಾ, ತಲವಾರಾ?’ ಎಂದರು. ಏನೂ ಇರಲಿಲ್ಲ ಎಂದೆ. ‘ಹೊಡೆದಾಟ?’ ಅವನಿಗೆ ಹೊಡೆಯಲು ಬರುತ್ತಿರಲಿಲ್ಲ ಎಂದೆ. ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನನಗೆ ಪಿತ್ತ ನೆತ್ತಿಗೇರಿತು. ಚಹಾ ಕುಡಿಸಿ ಕಳಿಸಿಬಿಟ್ಟೆ. ಅವರಿಗೆ ಹೇಳದೆ ಉಳಿದದ್ದನ್ನು ಈಗ ಬರೆಯುತ್ತಿದ್ದೇನೆ.

೧೯೪೭ರಲ್ಲಿ ನನಗೆ ಇಪ್ಪತ್ತೆರಡು ವರ್ಷ. ಮನೆಯಲ್ಲಿ ವಿಧವೆ ತಾಯಿ ತುಳಸಾಬಾಯಿ ಮತ್ತು ನಾನು, ಇಬ್ಬರೇ. ಅಣ್ಣಾರಾಯನದು ಒಂದು ತಂಬು ಟಾಕೀಸು. ಆಳಂದ, ಜೇವರ್ಗಿ, ಅಫಜಲಪುರ ಎಂದು ಊರೂರು ತಿರುಗುತ್ತಿತ್ತು. ನಾನು ಟಿಕೀಟು ಹರಿಯುವವನು. ಸಲಾವುದ್ದೀನ ಯಂತ್ರ ಓಡಿಸುವವನು. ಪೀರಪ್ಪ ಕೈಯಲ್ಲೊಂದು ಬಡಿಗೆ ಹಿಡಿದು, ತಂಬುವಿನ ಅಡಿಯಿಂದ ನುಸುಳಿ ಬರುವವರನ್ನು ತಡೆಯುವವನು. ತಡೆಯುವುದೇನು ಬಂತು, ತಾನೇ ಬಟ್ಟೆ ಎತ್ತಿ ಒಳಗೆ ಬಿಡುತ್ತಿದ್ದ. ಊರಿನ ಹೊರಗಿನ ಕೇರಿಯವನು, ಮೂವತ್ತರ ಆಸುಪಾಸು, ಒಣಗಿದ ತೊಗರಿ ಕಟ್ಟಿಗೆಯಂಥ ಮೈ. ಹೆಂಡತಿ ಇರಲಿಲ್ಲ. ಸಲಾವುದ್ದೀನ ಅವನನ್ನು ಪೀರಣ್ಣ ಎನ್ನುತ್ತಿದ್ದ. ಒಂದೇ ತಾಟಿನಲ್ಲಿ ಉಣ್ಣುತ್ತಿದ್ದರು. ನನಗೆ ಅದು ಆಗ ಹೇಸಿಗೆ ಎನಿಸುತ್ತಿತ್ತು. ಹೇಳಿಕೊಳ್ಳಲು ನಾಚಿಕೆ, ಆದರೂ ಹೇಳುತ್ತಿದ್ದೇನೆ.

ನಲವತ್ತೆಂಟರಲ್ಲಿ ಗಡಿ ಬಿಗಿಯಾಯಿತು. ಭೀಮಾ ಹೊಳೆಯ ಆಚೆ ಹಿಂದುಸ್ತಾನ, ಈಚೆ ನಿಜಾಮನ ರಾಜ್ಯ. ಚಿಮಣಿ ಎಣ್ಣೆ, ಉಪ್ಪು ಎರಡೂ ಆಚೆಯಿಂದ ಬರುವುದು ನಿಂತಿತು. ಟಾಕೀಸಿನ ಸಾಮಾನೂ ಬರಲಿಲ್ಲ, ತಂಬು ಸುತ್ತಿಟ್ಟೆವು. ಅಣ್ಣಾರಾಯ ಕೈಕಟ್ಟಿ ಕೂರುವ ಆಸಾಮಿಯಲ್ಲ. ಆಚೆಯ ದಂಡೆಯಿಂದ ಎಣ್ಣೆ ತರಿಸಲು ನಿಂತ. ಹೊಳೆ ದಾಟಿಸುವುದು ಕಷ್ಟವಾಗಿರಲಿಲ್ಲ, ಈಚೆ ಇದ್ದ ಸುಂಕದ ನಾಕಾ ದಾಟಿಸುವುದು ಕಷ್ಟವಾಗಿತ್ತು. ಅದಕ್ಕೆ ಅವನು ಕಂಡುಕೊಂಡ ಉಪಾಯವೇ ಪೀರಪ್ಪನ ವೃತ್ತಿಯಾಯಿತು.

ನಮ್ಮ ಕಡೆ ಲಿಂಗವಂತರು ಹೆಣವನ್ನು ಮಲಗಿಸಿ ಒಯ್ಯುವುದಿಲ್ಲ. ವಿಮಾನ ಕಟ್ಟಿ, ಅದರಲ್ಲಿ ಪದ್ಮಾಸನ ಹಾಕಿ ಕೂರಿಸುತ್ತಾರೆ. ತಲೆ ವಾಲದಂತೆ ರುಮಾಲಿನಿಂದ ಹಿಂದಿನ ಗೂಟಕ್ಕೆ ಬಿಗಿಯುತ್ತಾರೆ. ಅಣ್ಣಾರಾಯ ಅಂಥದೊಂದು ವಿಮಾನ ಮಾಡಿಸಿದ. ಕೂರುವ ಹಲಗೆಯ ಕೆಳಗೆ ಎಣ್ಣೆಯ ಎರಡು ಡಬ್ಬಿ ಹಿಡಿಯುತ್ತಿದ್ದವು. ಬೀಗರ ಊರಿನಲ್ಲಿ ತೀರಿಕೊಂಡವನನ್ನು ಸ್ವಂತ ಹೊಲದಲ್ಲಿ ಮಣ್ಣು ಮಾಡಲು ತರುತ್ತಿದ್ದೇವೆ ಎಂದರೆ ಯಾವ ಜವಾನನೂ ಎದುರು ಮಾತಾಡುತ್ತಿರಲಿಲ್ಲ. ಎಣ್ಣೆ ವಾಸನೆಗೆ ಲೋಬಾನದ ಹೊಗೆ. ಹಲಗಿ ಬಾರಿಸಲು ಪೀರಪ್ಪನ ಕೇರಿಯ ಹುಲೆಪ್ಪ. ಹೆಣ, ಪೀರಪ್ಪ.

ಆ ಕೆಲಸದಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ತುಟಿಯ ಮೇಲೆ ನೊಣ ಕೂತರೂ ಅಲುಗುತ್ತಿರಲಿಲ್ಲ. ಮುಟ್ಟಿದವರಿಗೆ ತಣ್ಣಗೆ ಹತ್ತಲೆಂದು ಕಾಲಿಗೆ ಬಹಳ ಹೊತ್ತು ಒದ್ದೆ ಬಟ್ಟೆ ಸುತ್ತಿಟ್ಟು, ಬಿಚ್ಚಿದ ಮೇಲೆ ವಿಭೂತಿ ಬಳಿಸಿಕೊಳ್ಳುತ್ತಿದ್ದ. ಒಮ್ಮೆ ಹಾದಿಯಲ್ಲಿ ಒಬ್ಬ ಮುದುಕಿ ಆ ಕಾಲಿನ ಮೇಲೆ ತಲೆಯಿಟ್ಟು ಅತ್ತಳು. ವಿಮಾನ ಇಳಿಸಿದ ಮೇಲೆ ಪೀರಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ.

‘ರಾಯ್ರ, ಹ್ವಾದ ವಾರ ಅಕಿ ಅಂಗಳದಾಗ ಕುಡಿಯಾಕ ನೀರ ಕೇಳಿದ್ರ, ದೂರ ನಿಲ್ಲಲೇ ಅಂದಿದ್ಲು. ಇವತ್ತ ಕಾಲ ಬಿದ್ಲು ನೋಡ್ರಿ’ ಎಂದು ನನಗೆ ಹೇಳಿದ.

ನಗುತ್ತ ನಗುತ್ತ ಅವನ ಕಣ್ಣಲ್ಲಿ ನೀರು ಬಂತು. ನಾನು ಹೊಗೆಯಿಂದ ಬಂದಿರಬೇಕು ಎಂದುಕೊಂಡೆ.

ಹೀಗೆ ತಂದ ಎಣ್ಣೆ, ಆಮೇಲೆ ಪೆಟ್ರೋಲು, ಅಣ್ಣಾರಾಯ ನಿಜಾಮನ ಪರವಾಗಿ ಹಳ್ಳಿಗಳ ಮೇಲೆ ಬೀಳುತ್ತಿದ್ದ ರಜಾಕಾರರಿಗೆ ಮಾರುತ್ತಿದ್ದ. ಅವರ ಠಾಣ್ಯಕ್ಕೆ ಡಬ್ಬಿ ಮುಟ್ಟಿಸಿ ಬರುವುದು ಸಲಾವುದ್ದೀನನ ಪಾಳಿ. ಆ ಎಣ್ಣೆ ಎಲ್ಲಿ ಉರಿಯುತ್ತದೆ ಎಂದು ನಮ್ಮಲ್ಲಿ ಯಾರೂ ಕೇಳಲಿಲ್ಲ. ಎಲ್ಲರ ಕೈಯೂ ಹೊಲಸಾಗಿತ್ತು.

ಸಪ್ಟಂಬರದಲ್ಲಿ ಹಿಂದುಸ್ತಾನದ ಸೈನ್ಯ ಒಳಗೆ ಬಂತು. ಐದು ದಿನಕ್ಕೆ ನಿಜಾಮನ ಆಟ ಮುಗಿಯಿತು. ಆರನೆಯ ದಿನ ಅಣ್ಣಾರಾಯ ಕಾಂಗ್ರೆಸ್ಸಿನ ಬಿಳಿ ಟೊಪ್ಪಿಗೆ ಇಟ್ಟುಕೊಂಡು ಚಾವಡಿ ಕಟ್ಟೆಯ ಮೇಲೆ ನಿಂತು, ರಜಾಕಾರರಿಗೆ ಪೆಟ್ರೋಲು ಕೊಟ್ಟವನು ಸಲಾವುದ್ದೀನ ಎಂದು ಹೆಸರು ಹಿಡಿದು ಹೇಳಿದ. ಯಾರ ಮಾಲು ಎಂಬುದು ಸಲಾವುದ್ದೀನನಿಗೆ ಗೊತ್ತಿತ್ತು, ಅವನ ಬಾಯಿ ಮುಚ್ಚಬೇಕಿತ್ತು. ನಾನೂ ಪೀರಪ್ಪನೂ ಬಾಯಿ ಬಿಡುವುದಿಲ್ಲ ಎಂದು ಅಣ್ಣಾರಾಯನಿಗೆ ಖಾತ್ರಿ ಇತ್ತು. ಆಗ ಹಳ್ಳಿಹಳ್ಳಿಯಲ್ಲಿ ಗುಂಪುಗಳು ಕೊಡಲಿ ಹಿಡಿದು ಮುಸಲ್ಮಾನರ ಮನೆ ಹೊಗುತ್ತಿದ್ದವು. ತಪ್ಪು ಮಾಡಿದವರೊಂದಿಗೆ ಏನೂ ಮಾಡದವರೂ ಸತ್ತರು, ಅವರೇ ಹೆಚ್ಚು ಸತ್ತರು. ಹಾದಿಯಲ್ಲಿ ಗಂಡಸರನ್ನು ನಿಲ್ಲಿಸಿ ಧೋತರ ಎತ್ತಿಸಿ ನೋಡುತ್ತಿದ್ದರು.

ಪೀರಪ್ಪ ಸಲಾವುದ್ದೀನನನ್ನು ಸುತ್ತಿಟ್ಟ ತಂಬುವಿನ ಬಟ್ಟೆಯೊಳಗೆ ಮೂರು ದಿನ ಅಡಗಿಸಿದ. ಸಲಾವುದ್ದೀನನ ಹೆಂಡತಿ ಪ್ಯಾರಿಬಿ ಹೊಳೆಯಾಚೆ ತವರಿನಲ್ಲಿದ್ದಳು. ಆ ಕಡೆ ಗಲಾಟೆ ಇರಲಿಲ್ಲ. ಹೊಳೆ ದಾಟಿಸಿದರೆ ಅವನು ಬದುಕಿದ ಹಾಗೆ. ದಾಟಿಸಲು ನಮಗೆ ಗೊತ್ತಿದ್ದದ್ದು ಒಂದೇ ದಾರಿ.

ತಂಬುವಿನ ಗಾಡಿಯಲ್ಲಿ ಅವನನ್ನೂ ವಿಮಾನವನ್ನೂ ಹಾಕಿಕೊಂಡು ಹೋಗಿ, ಕರಜಗಿ ಮೂರು ಮೈಲಿ ಇರುವಾಗ ಜಾಲಿ ಗಿಡಗಳ ಮರೆಯಲ್ಲಿ ಇಳಿಸಿದೆವು. ಪೀರಪ್ಪನೇ ಅವನ ಗಡ್ಡ ಬೋಳಿಸಿದ. ಹಣೆಗೆ ವಿಭೂತಿ ಬಳಿದು, ಕೊರಳಿಗೆ ಲಿಂಗವಂತರ ಶಿವದಾರ ಹಾಕಿ, ವಿಮಾನದಲ್ಲಿ ಕೂರಿಸಿದ.

‘ಯಾರ ಅಳಲಿ, ಯಾರ ಮುಟ್ಟಲಿ, ನೀ ಹೆಣ. ಹೊಟ್ಟಿಲೆ ಉಸರ ತಗೀಬ್ಯಾಡ, ಮೂಗಿಲೆ ಸಣ್ಣಗ ತಗೋ’ ಎಂದ.

‘ಮಾಲೂಮ್ ಅದ ಪೀರಣ್ಣ. ಎಷ್ಟ ಸಲ ನಿನ್ನ ಹೊತ್ತೀನಿ’ ಎಂದು ಸಲಾವುದ್ದೀನ ಕಣ್ಣು ಮುಚ್ಚಿದ.

ಹುಲೆಪ್ಪ, ಅವನ ಅಣ್ಣ, ಪೀರಪ್ಪ, ನಾನು ಹೆಗಲು ಕೊಟ್ಟೆವು. ಕರಜಗಿಯ ಅಗಸಿ ಬಾಗಿಲಲ್ಲಿ ನಲವತ್ತು ಐವತ್ತು ಜನ ಕೊಡಲಿ, ಬಡಿಗೆ ಹಿಡಿದು ನಿಂತಿದ್ದರು. ಅವರ ಹಿರಿಯ ದೊಡ್ಡಪ್ಪಗೌಡ, ಬಿಳಿ ಮೀಸೆಯವನು, ಮುಂದೆ ಬಂದು ಯಾರು ತೀರಿಕೊಂಡವರು ಎಂದು ಕೇಳಿದ. ಯಾವುದೋ ಹೆಸರು ಹೇಳಿ, ಜ್ವರ ಬಂದು ಸತ್ತ ಎಂದಿದ್ದರೆ ಕೈಮುಗಿದು ಬಿಡುತ್ತಿದ್ದ. ಪೀರಪ್ಪ ಹಾಗೆಂದೇ ಹೇಳಿಕೊಟ್ಟಿದ್ದ. ಹೆದರಿಕೆಯಲ್ಲಿ ನನಗೆ ಜಾಣತನ ಉಕ್ಕಿತು. ಸಂಶಯವೇ ಬರಬಾರದೆಂದು, ‘ಈರಸಂಗಪ್ಪ ಅಂತ್ರಿ. ರಜಾಕಾರರು ಕುತ್ತಿಗಿ ಹಿಚುಕಿ ಕೊಂದ್ರು’ ಎಂದುಬಿಟ್ಟೆ.

ಆ ಒಂದು ಸುಳ್ಳಿಗೆ ಅಗಸಿಯೇ ಅಲುಗಿತು. ಹೆಂಗಸರು ಬಾಯಿ ಬಾಯಿ ಬಡಿದುಕೊಂಡರು. ಕೊಡಲಿ ಕೆಳಗಿಟ್ಟು ಗಂಡಸರು ನಮ್ಮ ಹೆಗಲಿನಿಂದ ವಿಮಾನ ಕಸಿದುಕೊಂಡರು. ಗದ್ದಲದಲ್ಲಿ ಹುಲೆಪ್ಪನೂ ಅವನ ಅಣ್ಣನೂ ಕಾಲ್ಕಿತ್ತರು.

‘ನಾ ಇವನ ತಮ್ಮ ಅದೀನ್ರಿ ಗೌಡ್ರ. ಹೊಳಿ ದಾಟಿ ಒಯ್ಯಬೇಕ್ರಿ, ನಮ್ಮ ಹೊಲ ಆ ಕಡಿ ಅದ’ ಎಂದು ಪೀರಪ್ಪ ಕಾಲಿಗೆ ಬಿದ್ದ.

ದೊಡ್ಡಪ್ಪಗೌಡ ಅವನನ್ನು ಎಬ್ಬಿಸಿ ಅಪ್ಪಿಕೊಂಡ. ‘ಹೊಳಿ ತುಂಬಿ ಬಂದದಪಾ, ಹೆಣ ಕಾಯಸಬಾರದು. ಇಂಥವನ್ನ ದಂಡಿಮ್ಯಾಗ ಇಟ್ಟಗೊಂಡು ಕುಂದ್ರತೀ ಏನು? ನನ್ನ ಹೊಲದಾಗ ಜಾಗಾ ಕೊಡ್ತೀನಿ, ನನ್ನ ಮಗನ ಮಣ್ಣಾದಾಂಗ ಆಗಲಿ’ ಎಂದ.

ಅವನು ಒಳ್ಳೆಯ ಮನುಷ್ಯ. ಹಿಂದಿನ ದಿನ ಅವನ ಜನ ಏನು ಮಾಡಿದ್ದರು ಎಂಬುದಕ್ಕೆ ಕೊಡಲಿಗಳೇ ಸಾಕ್ಷಿಯಾಗಿದ್ದವು. ಎರಡೂ ನಿಜ, ಏನು ಮಾಡಲಿ?

ಇಪ್ಪತ್ತು ಗುದ್ದಲಿ ಬಿದ್ದರೆ ಕಪ್ಪು ಮಣ್ಣಿನ ನೆಲದಲ್ಲಿ ಕುಣಿ ಎಷ್ಟು ಹೊತ್ತು? ಪದ್ಧತಿಯಂತೆ ಕುಣಿಯ ಒಂದು ಗೋಡೆಯಲ್ಲಿ ಹೆಣ ಕೂರಿಸಲು ಗೂಡು ಕೊರೆದರು. ನಾನು ಆ ಗೂಡು ನೋಡುತ್ತ ನಿಂತೆ. ನಿಜ ಹೇಳಿದರೆ ನಾಲ್ಕು ಹೆಜ್ಜೆ ಓಡುವುದರೊಳಗೆ ಮೂವರೂ ಹೆಣವಾಗುತ್ತಿದ್ದೆವು. ತಮ್ಮನಾದವನೇ ಒಳಗೆ ಇಳಿಯಬೇಕೆಂದು ಪೀರಪ್ಪ ಇಳಿದ. ಸಲಾವುದ್ದೀನನನ್ನು ಗೂಡಿನಲ್ಲಿ ಕೂರಿಸಿ, ಅವನ ಕಿವಿಯ ಹತ್ತಿರ ಬಾಗಿ ಬಹಳ ಹೊತ್ತು ಇದ್ದ. ಅಣ್ಣನನ್ನು ಬಿಡಲಾರದೆ ಅಳುತ್ತಿದ್ದಾನೆ ಎಂದು ಮೇಲಿದ್ದವರು ಕಣ್ಣೊರೆಸಿಕೊಂಡರು. ಅಲ್ಲಿ ಆದ ಮಾತು ಪೀರಪ್ಪ ಆಮೇಲೆ ನನಗೆ ಹೇಳಿದ್ದು.

‘ಒದರಿ ಹೇಳಿಬಿಡ್ಲೇನು?’ ಎಂದು ಇವನು ಕೇಳಿದ್ದಾನೆ.

‘ಮೂರು ಮಂದಿ ಸಾಯೋದು ಬ್ಯಾಡ. ಮುಚ್ಚು. ಅವರು ಹ್ವಾದಮ್ಯಾಲ ಲಗೂನ ತಗೀ’ ಎಂದಿದ್ದಾನೆ ಅವನು, ಕಣ್ಣು ತೆರೆಯದೆ.

ಗೂಡಿನ ಬಾಯಿಗೆ ಫರಸಿ ಕಲ್ಲು ಬೇಕೆಂದು ಪೀರಪ್ಪ ಹಟ ಹಿಡಿದು ತರಿಸಿ ಮುಚ್ಚಿದ. ಒಳಗೆ ಒಂದಿಷ್ಟು ಗಾಳಿ ಉಳಿಯಲಿ ಎಂದು. ಮಣ್ಣು ಬಿತ್ತು. ಊರ ಜಂಗಮ ಅಯ್ಯನವರು ಮುಚ್ಚಿದ ಕುಣಿಯ ಮೇಲೆ ನಿಂತು ಪಾದಪೂಜೆ ಮಾಡಿಸಿಕೊಂಡರು. ಜನ ಸ್ನಾನಕ್ಕೆಂದು ಏಳತೊಡಗಿದರು. ಆಗ ಟಾಂಗಾ ಬಂತು. ಇಳಿದವನು ಅಣ್ಣಾರಾಯ. ಸಭೆ ಮಾಡಲು ಆ ದಿನ ಅವನು ಕರಜಗಿಗೇ ಬಂದಿದ್ದ, ಹುತಾತ್ಮನ ಸುದ್ದಿ ಕೇಳಿ ಹೊಲಕ್ಕೆ ಬಂದ.

ಬದಿಗೆ ಬಿದ್ದಿದ್ದ ವಿಮಾನ ನೋಡಿದ. ತಾನೇ ಮಾಡಿಸಿದ್ದು, ಗುರುತು ಹತ್ತದೆ ಇರುತ್ತದೆಯೇ? ನನ್ನನ್ನು ನೋಡಿದ. ಪೀರಪ್ಪನ ಹತ್ತಿರ ಹೋಗಿ ಮೆಲ್ಲಗೆ, ‘ಯಾರಲೇ ಸತ್ತಾಂವ?’ ಎಂದ.

‘ಎಲ್ಲಾರನೂ ಕರಕೊಂಡು ಹೋಗ್ರಿ ಧಣಿ. ನಿಮ್ಮ ಗುಲಾಮ ಆಗಿ ಇರ್ತೀನಿ. ಈಗ ಹೋಗ್ರಿ’ ಎಂದ ಪೀರಪ್ಪ.

ಅಣ್ಣಾರಾಯನಿಗೆ ತಿಳಿಯಿತು. ತಿಳಿದದ್ದು ಅವನ ಮುಖದಲ್ಲೇ ನನಗೆ ಕಂಡಿತು. ಅವನು ಟೊಪ್ಪಿಗೆ ಸರಿಮಾಡಿಕೊಂಡು, ಹೊರಟಿದ್ದವರನ್ನೆಲ್ಲ ಕೈಸನ್ನೆಯಿಂದ ಕೂರಿಸಿ, ‘ಇಂಥಾ ಹುತಾತ್ಮಗ ಎರಡು ಮಾತು ಆಡದs ಹ್ಯಾಂಗ ಹೋಗೂದು?’ ಎಂದು ಆ ಹಸಿ ಮಣ್ಣಿನ ಪಕ್ಕದಲ್ಲಿ ನಿಂತು ಭಾಷಣ ಶುರು ಮಾಡಿದ.

ಎಷ್ಟು ಹೊತ್ತು ಮಾತಾಡಿದ ಎಂದು ಹೇಳಲಾರೆ. ನೆತ್ತಿಯ ಮೇಲಿದ್ದ ಬಿಸಿಲು ಜಾಲಿಗಿಡದ ಆಚೆ ಇಳಿಯಿತು. ತ್ಯಾಗ ಎಂದ, ತಾಯ್ನಾಡು ಎಂದ, ಈರಸಂಗಪ್ಪನ ಬಾಲ್ಯವನ್ನೂ ವರ್ಣಿಸಿದ. ಜನ ಅಳುತ್ತಿದ್ದರು. ನಡುವೆ ಒಮ್ಮೆ ಪೀರಪ್ಪ ಎದ್ದ. ಬಾಯಿ ತೆರೆದಿದ್ದ, ಹೇಳಿಯೇ ಬಿಡುತ್ತಿದ್ದ. ನಾನು ಅವನ ಧೋತರ ಹಿಡಿದು ಜಗ್ಗಿ ಕೂರಿಸಿದೆ. ಮತ್ತೆ ಎದ್ದ. ಎರಡೂ ಕೈಯಿಂದ ಅವನನ್ನು ನೆಲಕ್ಕೆ ಒತ್ತಿ ಹಿಡಿದು, ಬಾಯಿಯ ಮೇಲೆ ನನ್ನ ಅಂಗೈ ಇಟ್ಟೆ. ದುಃಖ ತಡೆಯಲಾರದ ತಮ್ಮನನ್ನು ಸಂತೈಸುತ್ತಿದ್ದೇನೆ ಎಂದು ದೊಡ್ಡಪ್ಪಗೌಡ ನನ್ನ ಬೆನ್ನು ಸವರಿದ. ನನಗೆ ಸಲಾವುದ್ದೀನ ನೆನಪಿರಲಿಲ್ಲ. ನನಗೆ ನನ್ನ ಜೀವ ಒಂದೇ ನೆನಪಿತ್ತು.

ಎಲ್ಲರೂ ಹೋದ ಮೇಲೆ ಕೈಯಿಂದಲೂ ಒಂದು ಮುರಿದ ಸಲಿಕೆಯಿಂದಲೂ ತೋಡಿದೆವು. ಹಸಿ ಎರೆ ಮಣ್ಣು ಮೊಣಕೈಗೆ ಮೆತ್ತಿಕೊಳ್ಳುತ್ತಿತ್ತು. ಫರಸಿ ಸರಿಸಿದಾಗ ಸಲಾವುದ್ದೀನ ಕೂತೇ ಇದ್ದ. ಒಂದು ಕೈ ಮಾತ್ರ ಮಡಿಲಿನಿಂದ ಎದ್ದು ಕಲ್ಲಿಗೆ ಒರಗಿತ್ತು. ಪೀರಪ್ಪ ಅವನ ಮುಖದ ವಿಭೂತಿಯನ್ನು ತನ್ನ ಧೋತರದ ಚುಂಗಿನಿಂದ ಒರೆಸಿದ, ಶಿವದಾರ ಬಿಚ್ಚಿದ. ಮುಖ ಪಶ್ಚಿಮಕ್ಕೆ ಮಾಡಿ ಮಲಗಿಸಿ ಅದೇ ಕುಣಿಯಲ್ಲಿ ಮಣ್ಣು ಮುಚ್ಚಿದೆವು. ಅವರ ಪ್ರಾರ್ಥನೆ ನಮ್ಮಿಬ್ಬರಿಗೂ ಬರುತ್ತಿರಲಿಲ್ಲ.

ಹೊಳೆ ಇಳಿದ ಮೇಲೆ ಪೀರಪ್ಪ ಒಬ್ಬನೇ ಪ್ಯಾರಿಬಿಗೆ ಹೇಳಿಬರಲು ಹೋದ. ನಾಲ್ಕನೆಯ ದಿನ ಬಂದಾಗ ಅವನ ಬಲಗೈ ಕೊರಳಿನಿಂದ ಜೋಲಿ ಬಿದ್ದಿತ್ತು. ಅವಳ ಅಣ್ಣತಮ್ಮಂದಿರು ಮುರಿದಿದ್ದರು. ನಮ್ಮ ಮನೆಯ ಮುಂದೆ, ಯಾವಾಗಲೂ ನಿಲ್ಲುವಷ್ಟೇ ದೂರದಲ್ಲಿ ನಿಂತ.

‘ಅಕಿ ಒಂದs ಮಾತ ಕೇಳಿದ್ಲು ರಾಯ್ರ. ಅಷ್ಟ ಹೊತ್ತ ಅಲ್ಲೇ ಕುಂತಿದ್ದಿ, ಯಾಕ ಒದರಲಿಲ್ಲ ಅಂದ್ಲು. ನಾ ಅಂಜಿದೆ ಅಂತ ಹೇಳೀನಿ. ನಿಮ್ಮ ಹೆಸರ ತಗೀಲಿಲ್ಲ. ನಿಮಗ ತಾಯಿ ಅದಾಳ.’

ನಾನು ಹೂಂ ಎಂದೆ. ಅಷ್ಟೇ ಎಂದೆ.

ಪೀರಪ್ಪ ಆಮೇಲೆ ಚೌಡಾಪುರದ ರಸ್ತೆ ಕೆಲಸದಲ್ಲಿ ಎಡಗೈಯಿಂದ ಕಲ್ಲು ಒಡೆದು ಇಪ್ಪತ್ತು ವರ್ಷ ಬದುಕಿದ. ಪ್ಯಾರಿಬಿ ಅವನಿಗಿಂತ ಬಹಳ ದಿನ ಇದ್ದಳು. ಹೊಳೆಗೆ ಸೇತುವೆಯಾಯಿತು, ಅವಳ ಊರಿಗೆ ಬಸ್ಸಿನಲ್ಲಿ ಮುಕ್ಕಾಲು ಗಂಟೆಯ ದಾರಿ. ತನ್ನ ಗಂಡನನ್ನು ಕೊಂದವನು ಪೀರಪ್ಪ ಎಂದು ಅವಳು ಸಾಯುವವರೆಗೂ ಹೇಳುತ್ತಿದ್ದಳಂತೆ. ನಾನು ಹೋಗಿ ಅಲ್ಲ ಎನ್ನಲಿಲ್ಲ.